ಕಡಲ ಊರಿಗೆ ಬರುವವರಿಗೆ ಕೈಗೆಟಕುವ ಗಾಲ್ಫ್

ಸಂಪಾದಕರಿಗೆ ನಮಸ್ಕಾರ,

ಗಾಲ್ಫ್ ಅಂದರೆ ದುಡ್ಡಿದ್ದವರ ಆಟ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಬೆಂಗಳೂರಿನಿಂದ ನೋಡಿದರೆ ಅದು ಸುಳ್ಳೇನೂ ಅಲ್ಲ. ಅಲ್ಲಿ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ಆದರೆ ಕ್ಲಬ್ ಅಂದಮೇಲೆ ಸದಸ್ಯತ್ವ ಬೇಕು, ಸದಸ್ಯತ್ವಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು, ದುಡ್ಡಿದ್ದರೂ ಸರದಿ ಬರುವ ತನಕ ಕಾಯಬೇಕು. ಕೆಲಸ ಸಿಕ್ಕಿ ಅಮೆರಿಕದ ಕರಾವಳಿ ಊರುಗಳಿಗೆ ಬರುವ ನಮ್ಮವರು ಇದೇ ಲೆಕ್ಕ ಇಟ್ಟುಕೊಂಡು ಬರುತ್ತಾರೆ. ಮನೆ ಪಕ್ಕದಲ್ಲೇ ಒಳ್ಳೆಯ ಮೈದಾನ ಇದ್ದರೂ ಅದು ತಮಗಲ್ಲ ಅಂತ ಸುಮ್ನೆ ಇರುತ್ತಾರೆ. ಇಲ್ಲ, ಒಂದೇ ಸಲ ಹೆಸರಾಂತ ಜಾಗಕ್ಕೆ ಹೋಗಿ ಕೈ ಸುಟ್ಟುಕೊಂಡು, ಈ ಆಟದ ಸಹವಾಸವೇ ಬೇಡ ಅನ್ನುತ್ತಾರೆ. ಅಂಥವರಿಗಾಗಿ ಈ ಪತ್ರ. ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ, ಹಾಗಾಗಿ ಹೇಳುವುದೆಲ್ಲ ಹೆಚ್ಚಾಗಿ ಈ ಕಡೆಯದೇ.

ಮೊದಲು ಗೊತ್ತಿರಬೇಕಾದ್ದು, ಇಲ್ಲಿ ಊರಿನ ಆಡಳಿತವೇ ಗಾಲ್ಫ್ ಮೈದಾನ ನಡೆಸುತ್ತದೆ. ಸ್ಯಾನ್ ಡಿಯಾಗೊ ನಗರದ ಕೈಯಲ್ಲಿ ಮೂರು ಜಾಗಗಳಿವೆ: ಟೋರಿ ಪೈನ್ಸ್, ಬಾಲ್ಬೋವಾ ಪಾರ್ಕ್, ಮಿಷನ್ ಬೇ. ಸದಸ್ಯತ್ವದ ಮಾತೇ ಇಲ್ಲ. ಹಣ ಕಟ್ಟು, ಆಟ ಶುರುಮಾಡುವ ಸಮಯ ಕಾಯ್ದಿರಿಸು, ಆಡು, ಅಷ್ಟೇ. ತೆರಿಗೆ ದುಡ್ಡಿನಲ್ಲಿ ಶ್ರೀಮಂತರನ್ನು ಆಡಿಸುತ್ತಾರಾ ಅಂತ ಯಾರಾದರೂ ಕೇಳಬಹುದು. ಹಾಗಲ್ಲ, ಗಾಲ್ಫ್ ವಿಭಾಗದ ಖಾತೆಯೇ ಬೇರೆ, ಆಡುವವರು ಕೊಡುವ ದುಡ್ಡಿನಲ್ಲೇ ಅದು ನಡೆಯಬೇಕು.

ಟೋರಿ ಪೈನ್ಸ್ ಹೆಸರು ಗಾಲ್ಫ್ ನೋಡುವವರಿಗೆಲ್ಲ ಗೊತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ತರಬೇತಿ ಶಿಬಿರ ಇದ್ದ ಜಾಗ ಅದು. 1957ರಲ್ಲಿ ಗಾಲ್ಫ್ ಮೈದಾನವಾಯಿತು. ಸಮುದ್ರದ ಅಂಚಿನ ಕಡಿದಾದ ಬಂಡೆಯ ಮೇಲೆ ಸೌತ್, ನಾರ್ತ್ ಅಂತ ಹದಿನೆಂಟು ಹದಿನೆಂಟು ಹೋಲ್‌ಗಳ ಎರಡು ಕೋರ್ಸ್ (ಚೆಂಡು ಹಾಕುವ ಗುಳಿ, ಅಲ್ಲಿಗೆ ಹೊಡೆದು ತಲುಪುವ ಹಾದಿ ಸೇರಿ ಒಂದು ಹೋಲ್). ಪಕ್ಕದಲ್ಲೇ ಪ್ಯಾರಾಗ್ಲೈಡಿಂಗ್ ಮಾಡುವವರು ತಲೆಯ ಮಟ್ಟಕ್ಕೇ ಹಾರಾಡುತ್ತಿರುತ್ತಾರೆ. 2008ರ ಯು.ಎಸ್. ಓಪನ್‌ನಲ್ಲಿ ಟೈಗರ್ ವುಡ್ಸ್ ಮುರಿದ ಕಾಲಲ್ಲೇ 91 ಹೋಲ್ ಆಡಿ ರಾಕೊ ಮೀಡಿಯೇಟ್‌ರನ್ನು ಸೋಲಿಸಿದ್ದು ಇಲ್ಲಿಯೇ. 2021ರಲ್ಲಿ ಜಾನ್ ರಾಮ್ ಗೆದ್ದದ್ದೂ ಇಲ್ಲೇ. ಇಂಥ ಜಾಗದಲ್ಲಿ ನಾಳೆ ಬೆಳಗ್ಗೆ ನಾನೂ ನೀವೂ ಆಡಬಹುದು. ನಮ್ಮ ಊರುಗಳಲ್ಲಿ ಇದನ್ನು ಊಹಿಸೋಕೂ ಆಗಲ್ಲ, ಅಲ್ವಾ?

ಆದರೆ ಹೊಸದಾಗಿ ಬಂದವರು ಎಡವುವುದೂ ಇಲ್ಲೇ. ನಗರದ ನಿವಾಸಿ ಕಾರ್ಡ್ ಇದ್ದವರಿಗೆ ಒಂದು ದರ, ಇಲ್ಲದವರಿಗೆ ಇನ್ನೊಂದು. ಸೌತ್ ಕೋರ್ಸಿನಲ್ಲಿ ಹೊರಗಿನವರು ಕೊಡುವುದು ಸುಮಾರು ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ. ಸ್ಯಾನ್ ಡಿಯಾಗೊಗೆ ಬಂದ ಮೇಲೆ ನಾನು ನಿವಾಸಿಯೇ ತಾನೇ ಅನ್ನಬೇಡಿ, ಅಲ್ಲೊಂದು ತೊಡಕಿದೆ. ಕಾರ್ಡ್ ಕೊಡುವುದು ನಗರದ ಗಡಿಯ ಒಳಗಿನವರಿಗೆ. ನಮ್ಮವರು ತುಂಬಾ ಜನ ಮನೆ ಮಾಡುವ ಪೊವೇ ಬೇರೆ ನಗರ. ಫೋರ್ ಎಸ್ ರಾಂಚ್ ಇನ್ನೂ ವಿಚಿತ್ರ, ಅಂಚೆ ವಿಳಾಸದಲ್ಲಿ ಸ್ಯಾನ್ ಡಿಯಾಗೊ ಅಂತಲೇ ಇರುತ್ತದೆ, ಆದರೆ ಅದು ನಗರದ ಗಡಿಯ ಆಚೆ. ಅದೇ ಮೀರಾ ಮೆಸಾ, ಲಾ ಹೋಯಾ ಎರಡೂ ನಗರದ ಒಳಗೇ ಬರುತ್ತವೆ. ಶಾಲೆ ನೋಡಿ ಮನೆ ಹಿಡಿಯುವುದು ಸರಿಯೇ, ಅದರ ಜತೆಗೆ ವಾರಕ್ಕೊಮ್ಮೆ ಗಾಲ್ಫ್ ಆಡುವ ಆಸೆಯೂ ಇದ್ದರೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ನಕ್ಷೆಯಲ್ಲಿ ನಗರದ ಗಡಿ ಎಲ್ಲಿ ಹಾದುಹೋಗುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ. ಬೇರೆ ಕರಾವಳಿ ಊರಿಗೆ ಹೋಗುವವರೂ ಮೊದಲು ಕೇಳಬೇಕಾದ್ದು ಇದನ್ನೇ.

ಇನ್ನು ಆಡಲು ಯೋಗ್ಯ ಮೈದಾನ ಯಾವುದು? ಕಡಲು ಕಾಣಿಸುತ್ತದೆ, ಟಿವಿಯಲ್ಲಿ ಬರುತ್ತದೆ ಅಂತ ಆರಿಸಿಕೊಳ್ಳಬೇಡಿ. ಸೌತ್ ಕೋರ್ಸ್ ಹಿಂದಿನ ಟೀಗಳಿಂದ (ಟೀ ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ) 7,600 ಗಜಕ್ಕೂ ಉದ್ದ. ಮುಂದಿನ ಟೀಗಳಿಂದ ಆಡಿದರೂ ಸುಮಾರಾಗಿ ಆಡುವವರಿಗೆ ಅದು ಐದು ಗಂಟೆಯ ಹೊಡೆದಾಟ. ವರ್ಷಕ್ಕೆ ಒಂದೆರಡು ಸಲ ಖುಷಿಗೆ ಸರಿ. ನಿಮ್ಮ ಮೈದಾನ ಆಗಬೇಕಾದ್ದು ಮಂಗಳವಾರ ಆಫೀಸ್ ಮುಗಿಸಿ ಹೋಗಿ, ಒಬ್ಬರೇ ಬ್ಯಾಗ್ ತಳ್ಳಿಕೊಂಡು ನಡೆದು, ಮನೆಗೆ ಊಟದ ಹೊತ್ತಿಗೆ ಬರಬಹುದಾದದ್ದು. ಆ ಲೆಕ್ಕದಲ್ಲಿ ನನ್ನ ಓಟು ಬಾಲ್ಬೋವಾ ಪಾರ್ಕಿಗೆ. ಏರಿಳಿತ ಜಾಸ್ತಿ, ಆದರೆ ಪೇಟೆಯ ಎತ್ತರದ ಕಟ್ಟಡಗಳೂ ಕೊಲ್ಲಿಯೂ ಒಟ್ಟಿಗೆ ಕಾಣುತ್ತವೆ. ಹೊಸಬರಿಗೆ ಬೇರೆಯದೇ ಒಂಬತ್ತು ಹೋಲ್‌ಗಳ ಕೋರ್ಸ್ ಇದೆ. ಮಿಷನ್ ಬೇ ಉದ್ದ ಕಡಿಮೆ ಇರುವ ಹೋಲ್‌ಗಳ ಜಾಗ, ಕತ್ತಲಾದ ಮೇಲೂ ದೀಪ ಹಾಕಿ ಆಡಿಸುವಂಥದ್ದು, ಕಲಿಯುವವರಿಗೂ ಮಕ್ಕಳಿಗೂ ಒಳ್ಳೆಯದು. ಸೇತುವೆಯ ಆಚೆ ಕೊರೊನಾಡೊ ಇದೆ, ಅದು ಇನ್ನೊಂದು ಪುಟ್ಟ ನಗರದ್ದು. ಸಪಾಟು ನೆಲ, ನಡೆಯೋಕೆ ಸುಲಭ, ಕೊಲ್ಲಿಯ ಗಾಳಿ, ದರವೂ ಟೋರಿ ಪೈನ್ಸ್‌ನ ಹೊರಗಿನವರ ದರಕ್ಕಿಂತ ತುಂಬಾ ಕಡಿಮೆ. ಜನ ಮುಗಿಬೀಳುವುದು ಅದಕ್ಕೇ.

ಖಾಸಗಿಯವರು ನಡೆಸುವ ಕೆಲವು ಮೈದಾನಗಳೂ ಎಲ್ಲರಿಗೂ ತೆರೆದಿವೆ. ಆದರೆ ಬುಕ್ ಮಾಡುವ ಮೊದಲು ಎರಡು ಸಲ ಓದಿ. ಕೆಲವು ಕಡೆ ನಡೆದು ಆಡಲು ಬಿಡುವುದೇ ಇಲ್ಲ, ಬಗ್ಗಿ (ಕೂತು ಹೋಗುವ ಪುಟ್ಟ ಗಾಡಿ) ಕಡ್ಡಾಯ, ಅದರ ಬಾಡಿಗೆಯೂ ನಿಮ್ಮ ತಲೆಗೇ. ಬೇಡಿಕೆ ನೋಡಿ ದರ ಏರಿಸುವವರೂ ಇದ್ದಾರೆ, ಶನಿವಾರ ಬೆಳಗ್ಗೆ ನೋಡಿದರೆ ಕಣ್ಣು ಕತ್ತಲೆ ಬರುತ್ತದೆ. ಎಲ್ಲ ಕಡೆಯೂ ವರ್ಷಕ್ಕೊಂದೆರಡು ಸಲ ಗ್ರೀನ್‌ಗಳಿಗೆ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಸಾಲಾಗಿ ತೂತು ಹೊಡೆದು ಮರಳು ತುಂಬುತ್ತಾರೆ. ಹುಲ್ಲಿನ ಬೇರಿಗೆ ಗಾಳಿ ಬೇಕು, ಮಾಡಲೇಬೇಕಾದ ಕೆಲಸ. ಆದರೆ ಆ ಮೇಲಿನ ವಾರ ಚೆಂಡು ಕುಣಿದುಕೊಂಡು ಹೋಗುತ್ತದೆ, ದರ ಮಾತ್ರ ಇಳಿಯದೇ ಇರಬಹುದು. ತಾರೀಕು ಕೇಳಿಕೊಂಡೇ ಬುಕ್ ಮಾಡಿ.

ಬೆಂಗಳೂರಲ್ಲಿ ಆಡಿ ಬಂದವರಿಗೆ ಇನ್ನೊಂದು ಮಾತು. ಅಲ್ಲಿ ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುತ್ತೇವೆ, ಗಾಳಿ ತೆಳು, ಚೆಂಡು ಒಂದಿಷ್ಟು ಜಾಸ್ತಿ ಹಾರುತ್ತದೆ. ಇಲ್ಲಿ ಕಡಲ ಮಟ್ಟ, ಅದರ ಮೇಲೆ ಮೇ, ಜೂನ್ ತಿಂಗಳಲ್ಲಿ ಮಧ್ಯಾಹ್ನದ ತನಕ ಸೂರ್ಯನೇ ಕಾಣದಷ್ಟು ತಣ್ಣನೆಯ ಮೋಡ. ಅಲ್ಲಿ ಏಳನೇ ನಂಬರ್ ಐರನ್ ಕೋಲು ಹಿಡಿದು ಗ್ರೀನ್ ಮುಟ್ಟುತ್ತಿದ್ದವರು ಇಲ್ಲಿ ಆರನ್ನು ತೆಗೆಯಬೇಕಾಗಬಹುದು (ನಂಬರ್ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ). ಗಾಳಿ ಎದುರಿಗಿದ್ದರೆ ಐದು. ಹಲವು ಕಡೆ ಫೇರ್‌ವೇಯಲ್ಲಿ (ಟೀಯಿಂದ ಗ್ರೀನ್ ತನಕದ ಹುಲ್ಲಿನ ಹಾದಿ) ಆಫ್ರಿಕಾ ಮೂಲದ ಕಿಕುಯು ಹುಲ್ಲು, ಹಂಬಾಗಿ ಹಬ್ಬುವ ಜಾತಿ, ಅದರೊಳಗೆ ಚೆಂಡು ಕೂತರೆ ಹೊಡೆಯುವ ಕೋಲಿನ ಕತ್ತನ್ನೇ ಹಿಡಿದು ತಿರುಗಿಸುತ್ತದೆ. ಸುಮಾರು ಗ್ರೀನ್‌ಗಳಲ್ಲಿ ಪೋವಾ ಎಂಬ ಹುಲ್ಲು. ಬೆಳಗ್ಗೆ ನುಣ್ಣಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಪುಟ್ಟ ತೆನೆ ಎದ್ದು ಚೆಂಡು ಅಲ್ಲಲ್ಲಿ ಜಿಗಿಯುತ್ತದೆ. ಸಂಜೆಯ ದರ ಕಡಿಮೆ ಇರುವುದು ಆಟ ಮುಗಿಯುವ ಮೊದಲೇ ಕತ್ತಲಾಗಬಹುದು ಅಂತ. ಗ್ರೀನ್ ಒರಟಾಗಿರುವುದನ್ನು ಅದರ ಜತೆಗೆ ನೀವೇ ಸಹಿಸಿಕೊಳ್ಳಬೇಕು.

ಆಡಲು ಸಮಯ ಕಾಯ್ದಿರಿಸುವುದೇ ದೊಡ್ಡ ತಲೆನೋವು. ಲಾಸ್ ಏಂಜಲೀಸ್‌ನಲ್ಲಿ ಇದು ದೊಡ್ಡ ರಗಳೆಯೇ ಆಯಿತು. ನಗರದ ಮೈದಾನಗಳ ಒಳ್ಳೆಯ ಸಮಯಗಳನ್ನೆಲ್ಲ ದಲ್ಲಾಳಿಗಳು ಗುಡಿಸಿ ಹಾಕಿಕೊಂಡು ಸಿನಿಮಾ ಟಿಕೆಟನ್ನು ಬ್ಲಾಕಿನಲ್ಲಿ ಮಾರುವ ಹಾಗೆ ಮಾರುತ್ತಿದ್ದರು. 2024ರಲ್ಲಿ ನಗರ ಆಡಳಿತ ಸಮಯ ಕಾಯ್ದಿರಿಸುವಾಗ ಪ್ರತಿ ಆಟಗಾರನಿಂದ ವಾಪಸ್ ಕೊಡದ 10 ಡಾಲರ್ ಠೇವಣಿ ತೆಗೆದುಕೊಳ್ಳುವ ನಿಯಮ ತಂದಿತು. ದಲ್ಲಾಳಿಗಳ ಹತ್ತಿರ ದಯವಿಟ್ಟು ಕೊಳ್ಳಬೇಡಿ. ಒಬ್ಬರೇ ಹೋಗಿ ಕಿಟಕಿಯಲ್ಲಿ ಹೆಸರು ಬರೆಸಿ. ಮೂವರ ತಂಡಕ್ಕೆ ನಾಲ್ಕನೆಯವರಾಗಿ ಸೇರಿಸುತ್ತಾರೆ. ನೌಕಾಪಡೆಯ ಊರು ಇದು, ಜತೆಗೆ ಸಿಗುವವರಲ್ಲಿ ಅರ್ಧ ಜನ ನಿವೃತ್ತ ನಾವಿಕರೋ ಅನ್ನಿಸುತ್ತದೆ. ಯಾರ ಪರಿಚಯವೂ ಇಲ್ಲದ ಊರಲ್ಲಿ ನಾಲ್ಕು ಗಂಟೆ ಜತೆಗೆ ನಡೆಯಲು ಜನ ಸಿಗುವುದು ಸಣ್ಣ ಮಾತಲ್ಲ. ಚೆನ್ನಾಗಿ ಆಡಬೇಕು ಅಂತಿಲ್ಲ, ಬೇಗ ಆಡಿದರೆ ಸಾಕು. ಚೆಂಡು ಹುಡುಕುತ್ತಾ ನಿಲ್ಲುವವರನ್ನು ಮಾತ್ರ ಯಾರೂ ಸಹಿಸಲ್ಲ.

ಉತ್ತರಕ್ಕೆ, ಬೇ ಏರಿಯಾ ಕಡೆ ಬರುವ ನಮ್ಮವರೇ ಜಾಸ್ತಿ. ಅವರಿಗೆ ಎರಡೇ ಹೆಸರು ಹೇಳುತ್ತೇನೆ. ಪೆಬಲ್ ಬೀಚ್‌ನಲ್ಲಿ ಯಾರು ಬೇಕಾದರೂ ಆಡಬಹುದು ನಿಜ, ಆದರೆ ಒಂದು ಸುತ್ತಿಗೆ 600 ಡಾಲರಿಗೂ ಮೇಲೆ. ಅದರ ಪಕ್ಕದ ಪೆಸಿಫಿಕ್ ಗ್ರೋವ್ ಊರಿಗೆ ತನ್ನದೇ ಮೈದಾನ ಇದೆ. ಅದರ ಎರಡನೇ ಅರ್ಧವನ್ನು 1960ರಲ್ಲಿ ರೂಪಿಸಿದ್ದು ಪೆಬಲ್ ಬೀಚ್ ರೂಪಿಸಿದ ಜಾಕ್ ನೆವಿಲ್ ಅವರೇ. 1855ರ ಹಳೆಯ ದೀಪಸ್ತಂಭ, ಮರಳ ದಿಬ್ಬ, ಜಿಂಕೆ, ಕಡಲು, ಎಲ್ಲ ಇದೆ. ಬಡವರ ಪೆಬಲ್ ಬೀಚ್ ಅಂತ ಕರೆಯುತ್ತಾರೆ, ನನಗಂತೂ ಅದೇ ಜಾಸ್ತಿ ಇಷ್ಟ. ಇನ್ನೊಂದು ಪೆಸಿಫಿಕಾದಲ್ಲಿರುವ ಶಾರ್ಪ್ ಪಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು. 1932ರಲ್ಲಿ ತೆರೆದದ್ದು. ವಿನ್ಯಾಸ ಮಾಡಿದವರು ಹೆಸರಾಂತ ಅಗಸ್ಟಾ ನ್ಯಾಷನಲ್ ಮೈದಾನ ರೂಪಿಸಿದವರಲ್ಲಿ ಒಬ್ಬರಾದ ಅಲಿಸ್ಟರ್ ಮೆಕೆಂಝಿ. ಕೆಂಪು ಕಾಲಿನ ಕಪ್ಪೆ, ಗಾರ್ಟರ್ ಹಾವು ಉಳಿಸಲು ಮೈದಾನ ಮುಚ್ಚಿ ಅಂತ ಪರಿಸರದವರು ವರ್ಷಗಟ್ಟಲೆ ಹೋರಾಡಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ ಅಂತಲೇ ನನ್ನ ಲೆಕ್ಕ. ಆಡುವ ಮನಸ್ಸಿದ್ದವರು ನೀರು ನಿಲ್ಲುವ ಮಳೆಗಾಲ ಬಿಟ್ಟು ಹೋಗಿ.

ಮಕ್ಕಳಿರುವವರು ಯೂತ್ ಆನ್ ಕೋರ್ಸ್ ಬಗ್ಗೆಯೂ ವಿಚಾರಿಸಿ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಯೋಜನೆ, ಈಗ ದೇಶದ ತುಂಬ ಇದೆ. ಹೆಸರು ಬರೆಸಿದ ಮಕ್ಕಳು ಅದರಲ್ಲಿ ಸೇರಿರುವ ಮೈದಾನಗಳಲ್ಲಿ 5 ಡಾಲರ್ ಅಥವಾ ಅದಕ್ಕೂ ಕಡಿಮೆಗೆ ಆಡಬಹುದು. ಅಪ್ಪ ಅಮ್ಮಂದಿರು ಪೂರ್ತಿ ದರ ಕೊಡಬೇಕು, ಏನು ಮಾಡೋದು.

ಇಂತಿ,
ನಿಮ್ಮ ಓದುಗ
ಸ್ಯಾನ್ ಡಿಯಾಗೊ, ಕ್ಯಾಲಿಫೋರ್ನಿಯಾ