ಎಲ್ಲಾ ಮೊಬೈಲ್ ಗೇಮನ್ನೂ ಒಂದೇ ಸಾಲಿನ್ಯಾಗ ನಿಲ್ಲಿಸಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಈ ಮನಿಗೆ ಸೊಸಿಯಾಗಿ ಬರೋಕ್ಕಿಂತ ಮೊದ್ಲಿಂದ ನಿಮ್ಮ ಪೇಪರ್ ಇಲ್ಲಿ ಬರ್ತೈತಿ. ಮುಂಜಾನೆ ಚಾ ಜೊತಿ ಮಾವನವ್ರು ಓದ್ತಾರ, ಆಮ್ಯಾಲೆ ನಮ್ಮ ಮನಿಯವ್ರು, ಮಧ್ಯಾಹ್ನ ಕೆಲಸ ಮುಗದ ಮ್ಯಾಲೆ ನಾನು. ಅದಕ್ಕ ಈ ಮಾತು ನಿಮಗ ಹೇಳಬೇಕು ಅನಿಸ್ತು. ಮಕ್ಕಳು, ಮೊಬೈಲ್ ಅಂತ ಸುದ್ದಿ ಬಂದಾಗೆಲ್ಲಾ "ಗೇಮ್ ಚಟ" ಅಂತ ದಪ್ಪಕ್ಷರದಾಗ ಹಾಕ್ತೀರಿ, ಒಳಗ ಓದಿದ್ರ ಬೆಟ್ಟಿಂಗ್‌ನ್ಯಾಗ ರೊಕ್ಕ ಕಳಕೊಂಡಾವ್ನ ಸುದ್ದಿ ಇರ್ತೈತಿ, ಮಗ್ಗಲಿಗೆ ಸಣ್ಣ ಹುಡುಗ್ರು ಫೋನ್ ಹಿಡಕೊಂಡ ಫೋಟೋ ಇರ್ತೈತಿ. ಓದಿದ ಮಂದಿ ಏನ್ ತಿಳ್ಕೋಬೇಕ್ರಿ? ರಮ್ಮಿ, ಕ್ರಿಕೆಟ್ ಬೆಟ್ಟಿಂಗ್, ಬಂದೂಕಿನ ಆಟ, ಹೊಲ ಮಾಡೋ ಆಟ, ಬಣ್ಣ ಹೊಂದಿಸೋ ಆಟ ಎಲ್ಲಾ ಒಂದೇ ಅಂತ ತಿಳ್ಕೊಂಡು ಮಕ್ಕಳ ಕೈಯಿಂದ ಫೋನ್ ಕಸ್ಕೊಂಡು ಎರಡು ಏಟು ಹಾಕ್ತಾರ, ಅಷ್ಟ.

ಬೆಟ್ಟಿಂಗ್ ಕೆಟ್ಟದ್ದು ಅನ್ನೋದ್ರಾಗ ನನಗ ಎರಡು ಮಾತಿಲ್ಲ. ನಮ್ಮ ಓಣ್ಯಾಗ ಒಬ್ಬ ಹುಡುಗ ಒಂದು ಆ್ಯಪ್‌ನ್ಯಾಗ ರೊಕ್ಕ ಹಚ್ಚಿ ಹಚ್ಚಿ ಕಡೀಗೆ ಅವರವ್ವನ ಬೋರಮಾಳ ಸರ ಅಡವಿಟ್ಟ, ಆ ಮನಿ ಇನ್ನಾ ಚೇತರಿಸ್ಕೊಂಡಿಲ್ಲ, ಆಕಿ ಮಖ ನೋಡಿದ್ರ ಹೊಟ್ಯಾಗ ಸಂಕಟ ಆಗ್ತೈತಿ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನ್ಯಾಗ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂತು, ರೊಕ್ಕ ಹಚ್ಚಿ ಆಡೋವು ಬಂದ್ ಅಂತ, 22ನೇ ತಾರೀಖಿಗೆ ರಾಷ್ಟ್ರಪತಿ ಅಂಕಿತನೂ ಬಿತ್ತು. ಒಳ್ಳೇದಾತು. ಆದ್ರ ಅದೇ ಕಾಯ್ದಿಯೊಳಗ ರೊಕ್ಕದ ಆಟ ಬ್ಯಾರೆ, ಪಂದ್ಯದಂಗ ಪೈಪೋಟಿ ಮ್ಯಾಲೆ ಆಡೋ ಇ-ಸ್ಪೋರ್ಟ್ಸ್ ಬ್ಯಾರೆ, ಸುಮ್ನ ಮನರಂಜನಿಗೆ ಆಡೋ ಸೋಷಿಯಲ್ ಗೇಮ್ ಬ್ಯಾರೆ ಅಂತ ವಿಂಗಡಿಸ್ಯಾರ. ಕಾಯ್ದಿ ಬರೆದವ್ರಿಗೇ ಕಂಡ ಫರಕು ಪೇಪರಿನವ್ರಿಗೆ ಯಾಕ ಕಾಣಬಾರದು?

ನಮ್ಮ ಮನ್ಯಾಗ ಆಡೋ ಆಟದ ಬಗ್ಗೆ ಹೇಳ್ತೀನಿ. ಸ್ಟಾರ್‌ಡ್ಯೂ ವ್ಯಾಲಿ ಅಂತ ಅದರ ಹೆಸರು, 2016ರ ಫೆಬ್ರವರಿಯಾಗ ಮೊದ್ಲು ಕಂಪ್ಯೂಟರಿಗೆ ಬಂದಿದ್ದು, ಆಂಡ್ರಾಯ್ಡ್ ಫೋನಿಗೆ 2019ರಾಗ ಬಂತು. ಅಮೆರಿಕಾದ ಎರಿಕ್ ಬರೋನ್ ಅನ್ನೋ ಒಬ್ಬನೇ ಮನಷ್ಯಾ ನಾಕು ವರ್ಷಕ್ಕಿಂತ ಹೆಚ್ಚು ಹೊತ್ತು ಕುಂತು ಚಿತ್ರ, ಸಂಗೀತ, ಕೋಡಿಂಗ್, ಮಾತು ಎಲ್ಲಾ ತಾನೇ ಮಾಡ್ಯಾನ, ಈಗ ಜಗತ್ತಿನ್ಯಾಗ 4 ಕೋಟಿಗಿಂತ ಹೆಚ್ಚು ಕಾಪಿ ಮಾರಾಟ ಆಗ್ಯಾವ. ಕಥಿ ಇಷ್ಟ: ಅಜ್ಜ ಬಿಟ್ಟುಹೋದ ಹೊಲ ಮೊಮ್ಮಗನ ಕೈಗೆ ಬರ್ತೈತಿ, ಕಸ ಕಲ್ಲು ತುಂಬಿರ್ತೈತಿ, ಊರ ಹಿರಿಯ 15 ಬೀಜ ಕೊಡ್ತಾನ, ಪಾರ್ಸ್ನಿಪ್ ಅಂತ, ಬಿಳಿ ಗಜ್ಜರಿಯಂಥದ್ದು, ನಾಕು ದಿನಕ್ಕ ಕೊಯ್ಲಿಗೆ ಬರ್ತೈತಿ. ದಿನಾ ನೀರು ಹಾಕಬೇಕು, ಮಳಿ ಬಂದ ದಿನ ಹಾಕೋದು ಬ್ಯಾಡ. 28 ದಿನಕ್ಕ ಒಂದು ಕಾಲ ಮುಗೀತೈತಿ, ಕಾಲ ತಪ್ಪಿದ ಬೆಳಿ ಒಣಗಿ ಹೋಗ್ತೈತಿ. ಆಕಳು ಕೋಳಿ ಸಾಕಬಹುದು, ಮೀನು ಹಿಡಿಬಹುದು, ಊರ ಮಂದಿ ಹುಟ್ಟಿದ ದಿನಕ್ಕ ಏನಾರ ಒಯ್ದು ಕೊಡಬಹುದು. ಒಂದ್ ಸಲ ರೊಕ್ಕ ಕೊಟ್ಟು ತಗೊಂಡ್ರ ಮುಗೀತು, ನಡುವ ಜಾಹೀರಾತು ಇಲ್ಲ, ಮತ್ತ ರೊಕ್ಕ ಕೇಳಂಗಿಲ್ಲ, ನೆಟ್ ಇಲ್ಲದಿದ್ರೂ ನಡೀತೈತಿ, ಕರೆಂಟ್ ಹೋಗಿ ವೈಫೈ ಸತ್ತಾಗ ನಮ್ಮೂರಾಗ ಇದು ಸಣ್ಣ ಅನುಕೂಲ ಅಲ್ರಿ.

ಇದನ್ನ ತಂದಾವ ನನ್ನ ಮಗ, ಈಗ ಎಂಟನೇತ್ತ ಓದಾಕತ್ತಾನ. ಆದ್ರ ಇದು ಬರೇ ಹುಡುಗ್ರ ಆಟ ಆಗಿ ಉಳಿಲಿಲ್ಲ, ಯಾಕಂತ ಹೇಳ್ತೀನಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಟ್ಟಾಗಿ ನೀರು ಹೊರಗ ಹರದು ಹೋಗಾಕತ್ತಿತ್ತಲ್ರಿ, ಆ ವಾರ ಗಂಗಾವತ್ಯಾಗ ಯಾವ ಮನ್ಯಾಗೂ ನೆಮ್ಮದಿ ಇರಲಿಲ್ಲ. ನಮ್ಮ ಗದ್ದಿ ಕಾರಟಗಿ ಕಡೆ, ಎಡದಂಡಿ ಕಾಲುವಿ ನೀರಿನ ಮ್ಯಾಲೆ ನಿಂತದ್ದು, ನಾಟಿ ಮಾಡಿ ಆಗಿತ್ತು. ಮಾವನವ್ರು ಹಗಲೂ ರಾತ್ರಿ ಫೋನ್ ಹಿಡಕೊಂಡು ಕುಂತ್ರು. ವಾಟ್ಸಾಪ್‌ನ್ಯಾಗ ಒಂದಾದ ಮ್ಯಾಲೊಂದು ವಿಡಿಯೋ, ಒಬ್ಬಾವ ಡ್ಯಾಮೇ ಒಡೀತೈತಿ ಅಂತಾನ, ಇನ್ನೊಬ್ಬಾವ ನೀರೆಲ್ಲಾ ಖಾಲಿ ಅಂತಾನ, ಯಾವುದು ಖರೇ ಯಾವುದು ಸುಳ್ಳು ಗೊತ್ತಾಗಂಗಿಲ್ಲ, ಊಟ ಸೇರಂಗಿಲ್ಲ, ಬಿಪಿ ಗುಳಿಗಿ ಬ್ಯಾರೆ ಮರೀತಿದ್ರು. ಮಗ ಒಂದಿನ ಸಂಜಿಮುಂದ ಅವರ ಮಗ್ಗಲಿಗೆ ಹೋಗಿ ಕುಂತು ತನ್ನ ಟ್ಯಾಬ್ ತೆರೆದು "ಅಜ್ಜಾ, ನನ್ನ ಹೊಲ ನೋಡು ಬಾ" ಅಂದ. ಅವರು ಮೊದ್ಲು ಬೈದ್ರು. ಆಮ್ಯಾಲೆ ಕಣ್ಣಿಗೆ ಚಷ್ಮಾ ಹಾಕ್ಕೊಂಡು ನೋಡಾಕತ್ರು. ಒಂದೊಂದ ಗಿಡಕ್ಕ ಹುಡುಗ ನೀರು ಹಾಕೋದು ನೋಡಿ, "ನೀರು ಎಲ್ಲಿಂದ ತರ್ತಿ?" ಅಂತ ಕೇಳಿದ್ರು. "ಇಲ್ಲಿ ಹೊಂಡ ಐತಜ್ಜಾ, ಎಷ್ಟ ತಗೊಂಡ್ರೂ ಖಾಲಿ ಆಗಂಗಿಲ್ಲ" ಅಂದ. ಮಾವನವ್ರು ಒಂದು ಗಳಿಗಿ ಸುಮ್ಮನಿದ್ದು, "ಹಂಗಾರ ಎರಡನೇ ಬೆಳಿನೂ ಹಾಕು, ಜಾಗ ಯಾಕ ಖಾಲಿ ಬಿಟ್ಟಿ" ಅಂದ್ರು. ಆ ಸಂಜಿ ಅವರು ವಾಟ್ಸಾಪ್ ಮುಟ್ಟಲಿಲ್ಲ. ಸಾಲು ಹೆಂಗ ಬಿಡಬೇಕು, ಬೇಲಿ ಎಲ್ಲಿ ಹಾಕಬೇಕು ಅಂತ ಅಜ್ಜ ಮೊಮ್ಮಗ ವಾದ ಮಾಡಿದ್ರು, ಎಂಟಕ್ಕ ಊಟ ಮಾಡಿ ಗುಳಿಗಿ ತಗೊಂಡು ಮಲಗಿದ್ರು. ಸುಮಾರು ಒಂದು ವಾರಕ್ಕ ಡ್ಯಾಮಿನ್ಯಾಗ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದ್ರು, ಅಲ್ಲೀತನಕ ದಿನಾ ಸಂಜಿ ಇದೇ ನಡೀತು. ಅವತ್ತಿಂದ ನಮ್ಮ ಮನ್ಯಾಗ ಈ ಆಟಕ್ಕ ಯಾರೂ ಕೆಟ್ಟದ್ದು ಅನ್ನಂಗಿಲ್ಲ. ಗೇಮಿನಿಂದ ನೀರು ಬರಂಗಿಲ್ಲ, ಅದು ನಮಗೂ ಗೊತ್ತೈತಿ, ಆದ್ರ ಚಿಂತಿ ಮಾಡಿದ್ರೂ ಬರಂಗಿಲ್ಲ, ಆ ಹೊತ್ತಿನ್ಯಾಗ ಮನಸ್ಸಿಗೆ ಒಂಚೂರು ಆರಾಮ ಬೇಕಾಗಿತ್ತು, ಅದು ಸಿಕ್ತು.

ಇನ್ನ ಟೈಮಿನ ಮಾತು, ತಂದಿತಾಯಿಗಳಿಗೆ ಇದೇ ದೊಡ್ಡ ತಲಿಬ್ಯಾನಿ. ಈ ಆಟದಾಗ ಒಂದು ದಿನ ಅಂದ್ರ ಮುಂಜಾನೆ ಆರರಿಂದ ರಾತ್ರಿ ಎರಡರ ತನಕ, ನಮ್ಮ ಗಡಿಯಾರದಾಗ ಅದು ಹೆಚ್ಚೂಕಮ್ಮಿ 14 ನಿಮಿಷ. ಅಷ್ಟೊತ್ತಿಗೆ ಹೋಗಿ ಮಲಗಲೇಬೇಕು, ಮಲಗಿದ್ರ ಆಟ ಸೇವ್ ಆಗ್ತೈತಿ. ಅದಕ್ಕ ನಮ್ಮ ಮನ್ಯಾಗ ನಿಯಮ ಏನಂದ್ರ ಸಾಲಿ ಇದ್ದ ದಿನ ಹೊಲದಾಗ ಎರಡು ದಿನ, ಎರಡನೇ ದಿನ ಮಲಗಿಸಿ ಟ್ಯಾಬ್ ಕೊಡಬೇಕು. ಮೊದ್ಲು "ಇನ್ನ ಐದೇ ನಿಮಿಷ, ಐದೇ ನಿಮಿಷ" ಅಂತ ದಿನಾ ಜಗಳ ಇರ್ತಿತ್ತು, ಈಗ ಅದು ಕಡಿಮಿ ಆಗೇತಿ, ಯಾಕಂದ್ರ ಆಟದಾಗೇ ನಿಲ್ಲಿಸೋ ಜಾಗ ಐತಿ. ಇದು ಭಾಳ ಮುಖ್ಯದ ಮಾತು ನೋಡ್ರಿ. ಮಿಠಾಯಿ ಹೊಂದಿಸೋ ಕ್ಯಾಂಡಿ ಕ್ರಶ್ ಆಟ ತಗೋರಿ, ಐದು ಲೈಫ್ ಕೊಡ್ತಾರ, ಸೋತಾಗೊಮ್ಮೆ ಒಂದು ಹೋಗ್ತೈತಿ, ಮುಗದ್ವು ಅಂದ್ರ ಒಂದೊಂದಕ್ಕ ಅರ್ಧ ತಾಸು ಕಾಯಬೇಕು ಇಲ್ಲಾ ರೊಕ್ಕ ಕೊಡಬೇಕು, ಕೈ ತುರಿಸಿ ತುರಿಸಿ ಮತ್ತ ಮತ್ತ ಫೋನ್ ತೆಗೆಯಂಗ ಮಾಡೋದೇ ಅದರ ಲೆಕ್ಕ. ಬಂದೂಕಿನ ಆಟದಾಗ ನಡುವ ಬಿಟ್ಟು ಎದ್ರ ಜೊತಿಗಿದ್ದ ಟೀಮಿನವ್ರು ಬೈತಾರ. ಹಂಗಾಗಿ ಊಟಕ್ಕ ಕರೆದಾಗ ಒಂದು ಹುಡುಗ ಏಳ್ತಾನ ಇನ್ನೊಂದು ಹುಡುಗ ಏಳಂಗಿಲ್ಲ ಅಂದ್ರ ಅದರಾಗ ಹುಡುಗನ ಸ್ವಭಾವ ಎಷ್ಟೋ ಆಟದ ಕಟ್ಟಾಣಿಕಿನೂ ಅಷ್ಟ ಐತಿ.

ಅತ್ತಿಯವ್ರದು ಬ್ಯಾರೆನೇ ಆಟ. ಬಾಟ್ಲಿಯಾಗಿನ ಬಣ್ಣದ ನೀರು ಆ ಬಾಟ್ಲಿಯಿಂದ ಈ ಬಾಟ್ಲಿಗೆ ಸುರಿದು ಒಂದೇ ಬಣ್ಣ ಒಂದ್ ಕಡೆ ಕೂಡಿಸೋದು. ಅದರಾಗ ಬರೋ ಜಾಹೀರಾತು ಮಾತ್ರ ಕೆಟ್ಟದ್ದು, ಮುಚ್ಚೋ ಗುರ್ತು ಸಾಸಿವಿ ಕಾಳಿನಷ್ಟು ಇರ್ತೈತಿ, ಅವರ ಬಳ್ಳು ಅದರ ಮ್ಯಾಲೆ ಕೂಡಂಗೇ ಇಲ್ಲ, ಏನೋ ಒತ್ತಿ ಏನೋ ಡೌನ್‌ಲೋಡ್ ಆಗ್ತಿತ್ತು. ಫೋನ್ ಫ್ಲೈಟ್ ಮೋಡ್‌ಗೆ ಹಾಕಿ ಕೊಡಾಕತ್ತಿದ ಮ್ಯಾಲೆ ಆ ಕಾಟ ತಪ್ಪೇತಿ. ಪ್ಲೇ ಸ್ಟೋರ್‌ನ್ಯಾಗ ಗೇಮಿನ ಹೆಸರಿನ ಕೆಳಗ ಜಾಹೀರಾತು ಐತೋ ಇಲ್ಲೋ, ಆ್ಯಪಿನ ಒಳಗ ಖರೀದಿ ಐತೋ ಇಲ್ಲೋ ಅಂತ ಸಣ್ಣಕ್ಷರದಾಗ ಬರೆದಿರ್ತಾರ, ಅಲ್ಲೇ ಸೆಟ್ಟಿಂಗ್‌ನ್ಯಾಗ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳಂಗ ಮಾಡಬಹುದು, ಫೋನಿನ ಸೆಟ್ಟಿಂಗ್‌ನ್ಯಾಗಿರೋ ಡಿಜಿಟಲ್ ವೆಲ್‌ಬೀಯಿಂಗ್ ಅನ್ನೋದ್ರಾಗ ಒಂದೊಂದ ಆ್ಯಪಿಗೆ ದಿನಕ್ಕ ಇಷ್ಟೇ ಟೈಮ್ ಅಂತ ಕಟ್ಟು ಹಾಕಬಹುದು. ಇಂಥಾ ಉಪಯೋಗದ ಮಾತು ಕನ್ನಡದಾಗ ಬಿಡಿಸಿ ಹೇಳೋರು ಕಡಿಮಿ ರಿ, ಹೆದರಿಸೋರು ಮಾತ್ರ ಭಾಳ.

ಚಟ ಅನ್ನೋದು ಇಲ್ಲೇ ಇಲ್ಲ ಅಂತ ನಾನು ಹೇಳಾಕತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯವ್ರು ಗೇಮಿಂಗ್ ಡಿಸಾರ್ಡರ್ ಅಂತ ರೋಗದ ಪಟ್ಟಿಗೆ ಸೇರಿಸ್ಯಾರ, 2022ರ ಜನವರಿಯಿಂದ ಆ ಪಟ್ಟಿ ಜಾರಿಗೆ ಬಂದೈತಿ. ಆದ್ರ ಅವರು ಹೇಳೋ ಲಕ್ಷಣ ಏನು? ಆಟದ ಮ್ಯಾಲೆ ಹಿಡಿತ ತಪ್ಪೋದು, ಉಣ್ಣೋದು ಓದೋದು ಎಲ್ಲಾದ್ಕಿಂತ ಆಟ ಮುಂದಾಗೋದು, ಕೇಡು ಆಗಾಕತ್ತೈತಿ ಅಂತ ಗೊತ್ತಾದ್ರೂ ಬಿಡದಿರೋದು, ಅದೂ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷದ ತನಕ. ಹಂಗ ಇದ್ದ್ರ ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯದ ಆಸ್ಪತ್ರ್ಯಾಗ 2014ರಿಂದ ಶಟ್ ಕ್ಲಿನಿಕ್ ಅಂತ ಇದಕ್ಕೇ ಐತಿ, ಅಷ್ಟು ದೂರ ಹೋಗಾಕ ಆಗದವ್ರು ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚಬಹುದು, ಬಿಟ್ಟಿ. ನಿಮ್ಮ ಸುದ್ದಿ ಕೆಳಗ ಈ ನಂಬರ್ ಒಂದು ಸಾಲು ಹಾಕಿದ್ರ ಎಷ್ಟ ಮನಿಗೆ ಉಪಯೋಗ ಆಗ್ತೈತಿ. ಇನ್ನೊಂದು ಕಡೆ 2020ರಾಗ ಆಕ್ಸ್‌ಫರ್ಡ್ ಯುನಿವರ್ಸಿಟಿಯವ್ರು ಅನಿಮಲ್ ಕ್ರಾಸಿಂಗ್ ಅನ್ನೋ ಶಾಂತ ಆಟ ಮತ್ತ ಇನ್ನೊಂದು ಆಟ ಆಡೋ ಸುಮಾರು 3,300 ಮಂದಿದು ಆಡಿದ ಟೈಮ್ ಕಂಪನಿಯವ್ರ ಲೆಕ್ಕದಿಂದಲೇ ತಗೊಂಡು ನೋಡಿದ್ರು, ಹೆಚ್ಚು ಆಡಿದವ್ರು ಒಂಚೂರು ಹೆಚ್ಚೇ ನೆಮ್ಮದಿ ಹೇಳಿದ್ರು. ಆಡಿದ್ದಕ್ಕ ನೆಮ್ಮದಿನೋ, ನೆಮ್ಮದಿ ಇದ್ದವ್ರೇ ಆಡಿದ್ರೋ ಅದು ಅದರಿಂದ ತಿಳಿಯಂಗಿಲ್ಲ, ನೋಡಿದ್ದೂ ದೊಡ್ಡವ್ರನ್ನ. ಆದ್ರೂ ಗೇಮ್ ಅಂದ ಕೂಡ್ಲೇ ತಲಿ ಕೆಡ್ತೈತಿ ಅನ್ನೋ ಮಾತಿಗೆ ಅದು ತಾಳೆ ಆಗಂಗಿಲ್ಲ.

ಹಂಪಿಗೆ ಹೋದವ್ರು ನೋಡಿರಬಹುದು, ಅಲ್ಲಿ ಗುಡಿ, ಮಂಟಪದ ನೆಲಗಲ್ಲಿನ್ಯಾಗ ಆಟದ ಮನಿ ಕೊರೆದದ್ದು ಅಲ್ಲಲ್ಲಿ ಅದಾವ, ಹುಲಿ ಕುರಿ ಆಟದಂಥವು, ಗುಳಿ ತೋಡಿದ್ದು. ಯಾವುದೋ ಕಾಲದ ಮಂದಿ ನೆಳ್ಳಾಗ ಕುಂತು ಹರಳು ಇಟ್ಟು ಆಡ್ಯಾರ. ಬ್ಯಾಸಿಗಿ ಮಧ್ಯಾಹ್ನ ನಮ್ಮ ಕಡೆ ಹೊರಗ ಕಾಲಿಡಾಕ ಆಗದಂಥ ಬಿಸಿಲು, ಮಂದಿ ಒಳಗ ಕುಂತು ಏನಾರ ಆಡೇ ಆಡ್ತಾರ, ಅವತ್ತೂ ಆಡಿದ್ರು ಇವತ್ತೂ ಆಡ್ತಾರ. ಲಾಕ್‌ಡೌನ್‌ನ್ಯಾಗ ಬಳ್ಳಾರಿಯಾಗಿರೋ ನಮ್ಮ ನಾದಿನಿ, ನಾವು ಲೂಡೋ ಕಿಂಗ್‌ನ್ಯಾಗೇ ಕೂಡಿ ಕುಂತಂಗ ಆಗ್ತಿತ್ತು, ಅದು ನಮ್ಮ ದೇಶದವ್ರೇ 2016ರಾಗ ಮಾಡಿದ್ದು.

ನನಗ ಬ್ಯಾಸರ ಇರೋದು ಒಂದೇ. ಸ್ಟಾರ್‌ಡ್ಯೂ ವ್ಯಾಲಿ ಟರ್ಕಿ ಭಾಷೆಯಾಗೈತಿ, ಹಂಗೇರಿ ಭಾಷೆಯಾಗೈತಿ, ಕನ್ನಡದಾಗಿಲ್ಲ. ಮಾವನವ್ರಿಗೆ ಪ್ರತಿ ಸಾಲು ಮಗನೇ ಓದಿ ಹೇಳಬೇಕು. ಜ್ವಾಳ ಬಿತ್ತೋ, ಭತ್ತ ನಾಟಿ ಮಾಡೋ, ಕಾರಹುಣ್ಣಿಮಿಗೆ ಎತ್ತಿಗೆ ಬಣ್ಣ ಹಚ್ಚೋ, ಎಳ್ಳಮವಾಸಿಗೆ ಚರಗ ಚೆಲ್ಲೋ ಆಟ ಒಂದು ಕನ್ನಡದಾಗ ಯಾರಾರ ಮಾಡಿದ್ರ ನಮ್ಮ ಕಡೆ ಎಷ್ಟು ಮನಿ ಮಂದಿ ಕೂಡಿ ಆಡ್ತಾರಂತ ನಾನು ಹೇಳಬೇಕಾಗಿಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿಯಾಗ ಇಂಜಿನಿಯರಿಂಗ್ ಓದೋ ಹುಡುಗ್ರು ಅದಾರ, ಈ ಪತ್ರ ಅವರ ಕಣ್ಣಿಗೂ ಬೀಳಲಿ, ಅಲ್ಲೊಬ್ಬ ಒಬ್ಬನೇ ಕುಂತು ಮಾಡ್ಯಾನ ಅಂದ್ರ ಇಲ್ಲಿ ನಾಕು ಮಂದಿ ಕೂಡಿದ್ರ ಆಗಂಗಿಲ್ಲೇನು?

ನಿಮಗ ಕೇಳೋದಿಷ್ಟ್ರಿ. ಬೆಟ್ಟಿಂಗ್ ಸುದ್ದಿಗೆ ಬೆಟ್ಟಿಂಗ್ ಅಂತನೇ ಬರೀರಿ, ಗೇಮ್ ಅಂತ ಬರೀಬ್ಯಾಡ್ರಿ. ಮತ್ತ ಸಿನಿಮಾಕ್ಕ ವಾರಾ ವಾರಾ ವಿಮರ್ಶಿ ಹಾಕ್ತೀರಲ್ಲ, ಹಂಗ ವಾರಕ್ಕೊಂದು ಆಟದ ಬಗ್ಗೆ ಅರ್ಧ ಕಾಲಂ ಹಾಕ್ರಿ, ಯಾವ ವಯಸ್ಸಿಗೆ ಸರಿ, ರೊಕ್ಕ ಕೇಳ್ತೈತೋ ಇಲ್ಲೋ, ನೆಟ್ ಬೇಕೋ ಬ್ಯಾಡೋ, ಎಲ್ಲಿ ನಿಲ್ಲಿಸಬಹುದು, ಇಷ್ಟ ಇದ್ದ್ರ ಸಾಕು. ಬರಿಯೋರು ಸಿಗಲಿಲ್ಲ ಅಂದ್ರ ಮೊದಲನೇದು ನಾನೇ ಬರೆದು ಕಳಿಸ್ತೀನಿ, ಮಗ ಟೈಪ್ ಮಾಡಿ ಕೊಡ್ತೀನಿ ಅಂದಾನ.

ಇಂತಿ,
ನಿಮ್ಮ ಓದುಗರಾಗ ಒಬ್ಬಾಕಿ
ಗಂಗಾವತಿ, ಕೊಪ್ಪಳ ಜಿಲ್ಲೆ