ಮಾರುತ್ ನೋಟ್‌ಬುಕ್ ಮುಗಿಯಿತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್

ಹೋದ ಭಾನುವಾರ ಅಪ್ಪನ ಎದುರು ಕೂತು ನನ್ನ ನೋಟ್‌ಬುಕ್ಕಿನ ಕೊನೇ ಪುಟ ಓದಿದೆ. ನಾಲ್ಕು ವರ್ಷದ ಕೆಲಸ. ಎಚ್‌ಎಫ್-24 ಮಾರುತ್ ಯುದ್ಧವಿಮಾನಗಳಲ್ಲಿ ಈಗ ಉಳಿದಿರುವವು ಎಲ್ಲೆಲ್ಲಿವೆ, ಅವುಗಳ ಕಥೆ ಏನು ಅಂತ ಹುಡುಕಿ ಬರೆದಿಟ್ಟದ್ದು. ನೀವೆಲ್ಲ ಕೈ ಹಿಡಿಯದಿದ್ದರೆ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಅಪ್ಪ 1968ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಫಿಟ್ಟರ್ ಆಗಿ ಸೇರಿದವರು. ಮಾರುತ್ ರೆಕ್ಕೆಗಳ ತಗಡು ಜೋಡಿಸುವ ಮೊಳೆ, ಅಂದರೆ ರಿವೆಟ್, ಹೊಡೆದ ಕೈ ಅವರದು. ಬೆಂಗಳೂರಿನಲ್ಲಿ ತಯಾರಾದದ್ದು ಒಟ್ಟು 147 ವಿಮಾನ. ಎರಡನೇ ಮಹಾಯುದ್ಧದ ಫೋಕ್-ವುಲ್ಫ್ 190 ವಿಮಾನ ರೂಪಿಸಿದ ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ನಮ್ಮೂರಿಗೆ ಬಂದು ಇದನ್ನು ಶುರು ಮಾಡಿದರು. ಮೊದಲು ಮರದಲ್ಲಿ ಅಷ್ಟೇ ದೊಡ್ಡ, ಎಂಜಿನ್ ಇಲ್ಲದ ಗ್ಲೈಡರ್ ಮಾಡಿ ಹಾರಿಸಿ ನೋಡಿದರು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು. ಹಾರಿಸಿದವರು ಸುರಂಜನ್ ದಾಸ್.

ಅದೇ ದಾಸ್ ಅವರು 1970ರ ಜನವರಿ 10ರಂದು ಮಾರುತ್ ಪರೀಕ್ಷೆ ಮಾಡುವಾಗಲೇ ತೀರಿಕೊಂಡರು. ಆ ದಿನ ತಮ್ಮ ಸಾಲಿನಲ್ಲಿ ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ ಅಂತ ಅಪ್ಪ ಹೇಳುತ್ತಾರೆ. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುವವರಿಗೆ ಇದು ಗೊತ್ತಿರಲಿ ಅಂತ ನನ್ನಾಸೆ.

ಇನ್ನು ನಿಮ್ಮ ಋಣದ ವಿಷಯ.

ಪುಣೆಯ ಅಕ್ಕ, ಕಮಲಾ ನೆಹರೂ ಪಾರ್ಕಿನ ಮಾರುತ್ ನೋಡಲು ಮಳೆಯಲ್ಲಿ ಮೂರು ಸಲ ಹೋದಿರಿ. ಬಣ್ಣದ ಪದರದ ಕೆಳಗಿನ ನಂಬರ್ ಕಾಣಲಿ ಅಂತ ಬೆಳಿಗ್ಗೆ ಓರೆ ಬಿಸಿಲಿಗೆ ಕಾದು ಫೋಟೋ ತೆಗೆದಿರಿ. ಮ್ಯೂನಿಕ್‌ನಲ್ಲಿರುವ ಹಾಸನದ ತಮ್ಮ, ಹತ್ತಿರದ ಶ್ಲೈಸ್‌ಹೈಮ್ ಮ್ಯೂಸಿಯಂನಲ್ಲಿ ಒಂದು ಮಾರುತ್ ಇದೆ ಅಂದ ತಕ್ಷಣ ರಜೆ ಹಾಕಿ ಹೋದೆ. ಟ್ಯಾಂಕ್ ಅವರ ದೇಶದಲ್ಲಿ ಬೆಂಗಳೂರಿನ ವಿಮಾನ ನಿಂತಿರುವ ಫೋಟೋ ನೋಡಿ ಅಪ್ಪ ಫೋನನ್ನು ಬೀದಿಯವರಿಗೆಲ್ಲ ತೋರಿಸಿದರು.

ಏರ್‌ಫೋರ್ಸಿನ ನಿವೃತ್ತ ಹಿರಿಯರಿಗೆ ದೊಡ್ಡ ನಮಸ್ಕಾರ ಸರ್. 1971ರ ಯುದ್ಧದಲ್ಲಿ ರಾಜಸ್ಥಾನದ ಉತ್ತರಲಾಯಿ ವಾಯುನೆಲೆಯಿಂದ ಹಾರಿದ ಮಾರುತ್‌ಗಳ ಕಥೆ ಸಂಜೆಗಟ್ಟಲೆ ಕೂತು ಹೇಳಿದಿರಿ. ಎರಡು ಎಂಜಿನ್‌ನಲ್ಲಿ ಒಂದು ಕೆಟ್ಟರೂ ಮನೆಗೆ ತಂದು ಇಳಿಸಿದ ವಿಮಾನ ಇದು. ಶಕ್ತಿ ಸಾಲದ ಎಂಜಿನ್ ಅಂತ ಜನ ಇದನ್ನು ಬೈಯುತ್ತಾರೆ, ಅದು ಸುಳ್ಳಲ್ಲ. ಬೇಕಾದ ಎಂಜಿನ್ ಸಿಗದೆ ಆರ್ಫಿಯಸ್ 703ರಲ್ಲೇ ಸುಧಾರಿಸಬೇಕಾಯಿತು. ಆದರೂ ಆ ಯುದ್ಧದಲ್ಲಿ ಶತ್ರು ವಿಮಾನದ ಜೊತೆಗಿನ ಕಾಳಗದಲ್ಲಿ ಒಂದು ಮಾರುತ್ ಕೂಡ ಬೀಳಲಿಲ್ಲ. ನನಗೆ ಇದೇ ದೊಡ್ಡ ಮಾತು.

ಹೋದ ವರ್ಷ ಅಪ್ಪನಿಗೆ ಬೈಪಾಸ್ ಆಯಿತು. ನೋಟ್‌ಬುಕ್ ಆರು ತಿಂಗಳು ಮೂಲೆ ಸೇರಿತು. ಆಗ ರಕ್ತ ಕೊಡಲು ಬಂದ ನಾಲ್ವರು ಅಪ್ಪನ ಜೊತೆ ಕೆಲಸ ಮಾಡಿದವರ ಮಕ್ಕಳು. ನಿಮ್ಮನ್ನು ಹೇಗೆ ಮರೆಯಲಿ?

ಚೇತರಿಸಿಕೊಂಡ ಮೇಲೆ ಅಪ್ಪ ಮೊದಲು ಹೋಗೋಣ ಅಂದದ್ದು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ. ಅಲ್ಲಿನ ಮಾರುತ್ ಮುಂದೆ ಅವರು ಸುಸ್ತಾಗಿ ನಿಂತಾಗ, ಗಾರ್ಡ್ ಒಬ್ಬರು ತಾವು ಕೂರುವ ಕುರ್ಚಿಯನ್ನೇ ತಂದು ಹಾಕಿದರು. ಅಪ್ಪ ಕೂತು, ಕುರ್ಚಿಯ ಕಬ್ಬಿಣದ ಕೈ ಮೇಲೆ ಹೆಬ್ಬೆರಳು ಎಳೆದು ತೋರಿಸಿದರು: "ರಿವೆಟ್ ತಲೆ ಹೀಗೆ ಬೆರಳಿಗೆ ಸಿಗಬಾರದು ಮಗಾ. ಸಿಕ್ಕರೆ ಗಾಳಿಗೂ ಸಿಗುತ್ತೆ." ಗಾರ್ಡ್ ಬಗ್ಗಿ ನಿಂತು ಅಷ್ಟನ್ನೂ ಕೇಳಿಸಿಕೊಂಡರು. ಆಮೇಲೆ ಶಾಲೆಯ ಮಕ್ಕಳ ಗುಂಪು ಬಂದಾಗ, "ಇವರೇ ಇದನ್ನ ಮಾಡಿದ್ದು, ಕೇಳಿ" ಅಂದರು.

ಅಣ್ಣಾ, ನಿಮ್ಮ ಹೆಸರು ಕೇಳಲು ಮರೆತೆ. ಅಪ್ಪ ಮುಂದಿನ ತಿಂಗಳು ಮತ್ತೆ ಬರುತ್ತಾರಂತೆ. ನಿಮಗೆ ಕೊಡಬೇಕು ಅಂತ ನೋಟ್‌ಬುಕ್ಕಿನ ಒಂದು ಜೆರಾಕ್ಸ್ ತೆಗೆಸಿಟ್ಟಿದ್ದಾರೆ.