ನಾಲ್ಕೂ ಟ್ವೈಲೈಟ್ ಓದಿದ ಪುಟ್ಟಿಗೆ

ಪುಟ್ಟಿ,

ಟ್ವೈಲೈಟ್ ನಾಲ್ಕೂ ಪುಸ್ತಕ ಮುಗಿಸ್ದೆ, ನಂಗೂ ಎಡ್ವರ್ಡ್ ಥರ ಪ್ರೀತ್ಸೋನು ಸಿಗ್ಬೇಕು ಅಂತ ಬರ್ದಿದ್ದೀಯ. ಬೆಲ್ಲಾ ಅನ್ನೋ ಸ್ಕೂಲ್ ಹುಡುಗಿಗೂ ಎಡ್ವರ್ಡ್ ಅನ್ನೋ ವ್ಯಾಂಪೈರಿಗೂ, ಅಂದ್ರೆ ರಕ್ತ ಕುಡಿದು ಸಾವಿಲ್ಲದೆ ಬದುಕೋನಿಗೂ, ಆಗೋ ಪ್ರೀತಿ ಕಥೆ ತಾನೇ ಅದು. ನಿಮ್ಮಮ್ಮ ಬೇರೆ ಫೋನ್ ಮಾಡಿ, ಈ ಪುಸ್ತಕಗಳನ್ನ ಅವಳ ಕೈಯಿಂದ ಕಿತ್ಕೊಳ್ಲಾ ಅಂತ ಕೇಳಿದ್ಲು. ಖಂಡಿತ ಬೇಡ ಅಂದೆ. ನಾನೂ ನಾಲ್ಕೂ ಓದಿದ್ದೀನಿ, ಹಾಗಾಗಿ ಓದ್ದೇನೇ ಬೈಯೋರ ಜೊತೆ ನನ್ನ ಸೇರಿಸ್ಬೇಡ, ನಂಗನ್ಸಿದ್ದನ್ನ ಸ್ವಲ್ಪ ವಿವರವಾಗೇ ಬರೀತೀನಿ, ಸಮಾಧಾನವಾಗಿ ಓದು.

ಮೊದಲನೇದು, ಇಷ್ಟ ಆಯ್ತು ಅಂತ ಹೇಳ್ಕೊಳ್ಳೋಕೆ ನಾಚ್ಕೋಬೇಡ. ಹುಡುಗೀರು ಮುಗಿಬಿದ್ದು ಓದೋ ಪುಸ್ತಕ ಅಂದ್ರೆ ಸಾಕು ಕೆಲವ್ರಿಗೆ ಅದು ಕಸ. 2005ರಲ್ಲಿ ಮೊದಲ ಪುಸ್ತಕ ಬಂದಾಗಿಂದ ಇದಕ್ಕೂ ಅದೇ ಗತಿ. ಆದ್ರೆ ಬಯಾಲಜಿ ಕ್ಲಾಸಿನ ಆ ಮೊದಲ ದಿನ ನೆನಪಿಸ್ಕೋ. ಪಕ್ಕದಲ್ಲಿ ಕೂತ ಎಡ್ವರ್ಡ್ ಮುಷ್ಟಿ ಬಿಗಿದು ಮುಖ ತಿರುಗಿಸಿ ಕೂತಿದ್ದಾನೆ, ಬೆಲ್ಲಾ ಏನ್ಮಾಡ್ತಾಳೆ, ಮೆಲ್ಲಗೆ ತನ್ನ ಕೂದಲನ್ನ ತಾನೇ ಮೂಸಿ ನೋಡ್ಕೋತಾಳೆ, ನನ್ನಿಂದೇನಾದ್ರೂ ವಾಸನೆ ಬರ್ತಿದ್ಯಾ ಅಂತ. ಆ ವಯಸ್ಸಲ್ಲಿ ಯಾರಾದ್ರೂ ಮುಖ ತಿರುಗಿಸಿದ್ರೆ ತಪ್ಪು ನಮ್ದೇ ಇರ್ಬೇಕು ಅನ್ಸುತ್ತಲ್ಲ, ಅದನ್ನ ಒಂದೇ ಸಾಲಲ್ಲಿ ಹಿಡಿಯೋಕೆ ನಿಜವಾದ ಕೈಚಳಕ ಬೇಕು, ಲೇಖಕಿ ಸ್ಟೆಫನಿ ಮೇಯರ್ ಅವರಿಗೆ ಅದಿದೆ. ಇಬ್ಬರೂ ಒಬ್ರನ್ನೊಬ್ರು ಮುಟ್ಟೋದೇ ಕಮ್ಮಿ, ಅಷ್ಟೆಲ್ಲ ಬಿಸಿ ಇರೋದು ಮುಟ್ಟದೇ ಇರೋದ್ರಲ್ಲೇ.

2003ರ ಜೂನಲ್ಲಿ ಮೇಯರ್ ಅವರಿಗೆ ಒಂದು ಕನಸು ಬಿತ್ತಂತೆ, ಹುಲ್ಲುಗಾವಲಲ್ಲಿ ಒಬ್ಬಳು ಹುಡುಗಿ, ಬಿಸಿಲಿಗೆ ಮಿಂಚೋ ಒಬ್ಬ ವ್ಯಾಂಪೈರ್. ಅದನ್ನೇ ಮೊದ್ಲು ಬರ್ದು, ಅಲ್ಲಿಂದ ಕೊನೆವರೆಗೂ ಹೋಗಿ, ಆಮೇಲೆ ವಾಪಸ್ ಬಂದು ಶುರುವಿನ ಭಾಗ ಬರ್ದಿದ್ದಾರೆ. ಅದೀಗ 13ನೇ ಅಧ್ಯಾಯ. ಇದು ಗೊತ್ತಾದ್ಮೇಲೆ ನಂಗೆ ಆ ಪುಸ್ತಕದ ಶಕ್ತಿ, ತೊಂದ್ರೆ ಎರಡೂ ಅರ್ಥ ಆಯ್ತು. ಮಧ್ಯದ ಆ ಒಂದು ದೃಶ್ಯ ಉಸಿರಾಡುತ್ತೆ, ಆದ್ರೆ ವಿಲನ್ ಜೇಮ್ಸ್ ಕಣ್ಣಿಗೆ ಬೀಳೋದು 24 ಅಧ್ಯಾಯದ ಪುಸ್ತಕದಲ್ಲಿ 18ನೇದ್ರಲ್ಲಿ, ಕಥೆ ಬೇಕಲ್ಲ ಅಂತ ಆಮೇಲೆ ತಂದು ಹಚ್ಚಿದ ಹಾಗಿದೆ. ಎಡ್ವರ್ಡ್ ಮುಖ ಎಷ್ಟು ಚೆಂದ ಅನ್ನೋದು ಪುಟಕ್ಕೊಂದ್ಸಲ ಬರುತ್ತೆ, ಅದನ್ನ ಅರ್ಧ ಕತ್ತರಿಸಿದ್ರೂ ಏನೂ ಕಳ್ಕೋತಿರ್ಲಿಲ್ಲ. ಬೆಲ್ಲಾಳ ಸ್ಕೂಲ್ ಫ್ರೆಂಡ್ಸ್ ಬಗ್ಗೆ ಯೋಚ್ನೆ ಮಾಡು, ಏಂಜಲಾ ಒಬ್ಬಳನ್ನ ಬಿಟ್ರೆ ಯಾರದ್ದಾದ್ರೂ ಮನಸ್ಸು ನಿಂಗೆ ನೆನಪಿದ್ಯಾ?

ಇದೆಲ್ಲ ಬರವಣಿಗೆ ಮಾತು, ನಂಗೆ ಅಷ್ಟು ಚಿಂತೆ ಇಲ್ಲ. ಚಿಂತೆ ಇರೋದು ಬೇರೆ ಕಡೆ.

ಈ ಕಥೇಲಿ ಲೇಖಕಿ ಮಾಡಿರೋ ಅತಿ ಜಾಣ ಕೆಲ್ಸ ಯಾವ್ದು ಗೊತ್ತಾ? ಎಡ್ವರ್ಡ್ ಎಲ್ಲರ ಮನಸ್ಸಿನ ಮಾತೂ ಕೇಳಿಸ್ಕೋತಾನೆ, ಬೆಲ್ಲಾಳದ್ದು ಮಾತ್ರ ಕೇಳ್ಸಲ್ಲ. ಅವನ ಹತ್ರ ದುಡ್ಡಿದೆ, ಬಲ ಇದೆ, ನೋಡೋಕೆ 17 ಆದ್ರೂ 1901ರಲ್ಲಿ ಹುಟ್ಟಿದವನು, ಅವಳಿಗಿಂತ ಎಷ್ಟೋ ಪಟ್ಟು ಬದುಕು ನೋಡಿದಾನೆ. ಅವಳ ಹತ್ರ ಇರೋದು ಇದೊಂದೇ, ಅವನು ಒಳಗೆ ಬರೋಕಾಗದ ಒಂದು ಜಾಗ. ಹಾಗಾಗಿ ಅವಳೇನು ಯೋಚಿಸ್ತಿದ್ದಾಳೆ ಅಂತ ಅವನು ಬಾಯಿಬಿಟ್ಟು ಕೇಳ್ಲೇಬೇಕು. ಎಷ್ಟು ಒಳ್ಳೆ ಶುರು! ಆದ್ರೆ ಅದೇ ಪುಸ್ತಕದಲ್ಲಿ ಅವಳು ಮಲಗಿರೋವಾಗ ರಾತ್ರಿ ಅವಳ ರೂಮಿಗೆ ಬಂದು ನೋಡ್ತಾ ಕೂತಿರ್ತಾನೆ, ಅವಳಿಗೆ ಗೊತ್ತೇ ಇಲ್ಲ, ನಿದ್ದೇಲಿ ಅವಳು ಮಾತಾಡೋದನ್ನೆಲ್ಲ ಕೇಳಿಸ್ಕೋತಾನೆ. ಕೊಟ್ಟಿದ್ದ ಒಂದು ಜಾಗಾನೂ ಹೀಗೆ ಕಿತ್ಕೊಂಡ ಹಾಗಾಯ್ತಲ್ಲ. ಗೊತ್ತಾದಾಗ ಅವಳಿಗೆ ಭಯ ಆಗಲ್ಲ, ಒಳಗೊಳಗೇ ಖುಷಿ, ನಿದ್ದೇಲಿ ಏನ್ ಹೇಳ್ಬಿಟ್ನೋ ಅಂತ ಮುಜುಗರ, ಅಷ್ಟೇ. ಆ ಮೊದಲ ಪುಸ್ತಕ ಪೂರ್ತಿ ಅವಳ ಬಾಯಿಂದ್ಲೇ ಬರೋದ್ರಿಂದ, ಇದು ಸರಿ ಇಲ್ಲ ಕಣೇ ಅಂತ ಹೊರಗೆ ನಿಂತು ಹೇಳೋರು ಯಾರೂ ಇಲ್ಲ, ನಿನ್ನನ್ನ ಅಷ್ಟು ಹತ್ರ ಎಳ್ಕೊಂಡ ಆ ದನಿಯೇ ನಿನ್ನ ಕಣ್ಣನ್ನೂ ಮುಚ್ಚುತ್ತೆ. 2020ರಲ್ಲಿ ಎಡ್ವರ್ಡ್ ಹೇಳೋ ಹಾಗೆ ಅದೇ ಕಥೆಯನ್ನ ಮಿಡ್‌ನೈಟ್ ಸನ್ ಅಂತ ಮತ್ತೆ ಬರೆದ್ರಲ್ಲ, ಅದ್ರಲ್ಲಿ ಅವನಿಗೇ ತಾನು ಮಾಡ್ತಿರೋದು ತಪ್ಪು ಅಂತ ಗೊತ್ತಿದೆ.

ಬೆಲ್ಲಾ ಸದಾ ಕಾಪಾಡಿಸ್ಕೊಳ್ಳೋ ಹುಡುಗಿ ಅಂತ ಟೀಕೆ ಬಂದಾಗ ಲೇಖಕಿ 2015ರಲ್ಲಿ ಹುಡುಗ ಹುಡುಗಿ ಅದಲುಬದಲು ಮಾಡಿ ಇನ್ನೊಂದು ಪುಸ್ತಕ ಬರೆದ್ರು. ನಂಗೆ ಅದು ಉತ್ತರ ಅನ್ಸಲಿಲ್ಲ. ಹುಡುಗೀನೇ ಆಗ್ಲಿ, ಕೇಳದೆ ಇನ್ನೊಬ್ರ ರೂಮಿಗೆ ನುಗ್ಗಿದ್ರೆ ನುಗ್ಗಿದ್ದೇ.

ಈಗ ಆ ಹಳೇ ಕೆಂಪು ಟ್ರಕ್ ನೆನಪಿಸ್ಕೋ. ಬೆಲ್ಲಾ ಫೋರ್ಕ್ಸ್ ಅನ್ನೋ ಊರಿಗೆ ಬಂದಾಗ ಅಪ್ಪ ಚಾರ್ಲಿ ಕೊಡ್ಸಿದ್ದು. ಒಂದು ಬೆಳಿಗ್ಗೆ ರಸ್ತೆ ಪೂರ್ತಿ ಮಂಜುಗಡ್ಡೆ, ಅವಳು ಹೇಗೋ ಜಾರದೆ ಸ್ಕೂಲ್ ತಲುಪ್ತಾಳೆ, ಇಳಿದು ನೋಡಿದ್ರೆ ಟೈರಿಗೆ ಚೈನ್ ಸುತ್ತಿದೆ. ಅಪ್ಪ ಯಾವ್ ಹೊತ್ತಲ್ಲೋ ಎದ್ದು, ಒಂದ್ ಮಾತೂ ಹೇಳ್ದೆ, ಚಳೀಲಿ ಕೂತು ಅದನ್ನ ಹಾಕಿ ಹೋಗಿದ್ದಾನೆ. ಅವಳಿಗೆ ಗಂಟಲು ಕಟ್ಟುತ್ತೆ. ಅದೇ ಕ್ಷಣದಲ್ಲಿ ಆ ವ್ಯಾನ್ ಜಾರ್ಕೊಂಡು ಬರುತ್ತೆ, ಎಡ್ವರ್ಡ್ ಬಂದು ಕಾಪಾಡ್ತಾನೆ, ನಾವೆಲ್ಲ ಚೈನ್ ವಿಷ್ಯ ಮರ್ತೇಬಿಡ್ತೀವಿ. ನೀನೂ ಮರ್ತಿರ್ತೀಯ. ನನ್ನ ಕೇಳಿದ್ರೆ ನಾಲ್ಕೂ ಪುಸ್ತಕದಲ್ಲಿ ಪ್ರೀತಿ ಅತಿ ಚೆನ್ನಾಗಿ ಬಂದಿರೋದು ಅಲ್ಲೇ, ಎರಡ್ ಮೂರು ಸಾಲಲ್ಲಿ.

ಈಗ ಮೂರನೇ ಪುಸ್ತಕ ಎಕ್ಲಿಪ್ಸ್‌ಗೆ ಬಾ. ಅದೇ ಟ್ರಕ್. ಬೆಲ್ಲಾ ತನ್ನ ಗೆಳೆಯ, ತೋಳವಾಗೋ ಹುಡುಗ ಜೇಕಬ್‌ನ ನೋಡೋಕೆ ಹೊರಟಿದ್ದಾಳೆ, ಅಲ್ಲಿ ಅಪಾಯ ಇದೆ ಅಂತ ಎಡ್ವರ್ಡ್ ಎಂಜಿನ್‌ನ ಒಂದು ಪಾರ್ಟ್ ಬಿಚ್ಚಿಟ್ಕೋತಾನೆ. ಆಮೇಲೆ ತನ್ನ ಸೋದರಿ ಆಲಿಸ್‌ಗೆ ಪೋರ್ಷೆ ಕಾರು ಲಂಚ ಕೊಟ್ಟು ಇವಳನ್ನ ಮನೇಲಿ ಕೂಡಿಹಾಕಿಸ್ತಾನೆ. ಬೆಲ್ಲಾಗೆ ಸಿಟ್ಟು ಬರುತ್ತೆ ನಿಜ, ಕಿಟಕಿ ಮುಚ್ತಾಳೆ, ಸ್ವಲ್ಪ ಹೊತ್ತಿಗೇ ಮತ್ತೆ ತೆಗೀತಾಳೆ. ಮುಂದೆ ಅವನೂ ಬದಲಾಗ್ತಾನೆ, ಜೇಕಬ್ ಹತ್ರ ತಾನೇ ಕರ್ಕೊಂಡ್ ಹೋಗಿ ಬಿಡ್ತಾನೆ, ಅದನ್ನ ಹೇಳ್ದೆ ಬಿಟ್ರೆ ಅನ್ಯಾಯ. ಆದ್ರೂ ನೋಡು ಪುಟ್ಟಿ, ಇಬ್ರೂ ಅವಳ ಸೇಫ್ಟಿಗೆ ಅಂತ್ಲೇ ಆ ಗಾಡಿ ಮೇಲೆ ಕೈ ಇಟ್ರು. ಒಬ್ರು ಅವಳು ಹೋಗ್ಬೇಕಾದ ಕಡೆ ಹೋಗ್ಲಿ ಅಂತ, ಇನ್ನೊಬ್ಬ ಹೋಗ್ಲೇಬಾರ್ದು ಅಂತ. ನೀನು ಬರ್ದಿದ್ದು ಎರಡನೇವನ ಹೆಸ್ರು.

ಎರಡನೇ ಪುಸ್ತಕ ನ್ಯೂ ಮೂನಲ್ಲಿ ಎಡ್ವರ್ಡ್ ಬಿಟ್ಟು ಹೋದ್ಮೇಲೆ ಬರೀ ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ ಅಂತ ತಿಂಗಳ ಹೆಸರಿರೋ ಖಾಲಿ ಪುಟಗಳು ಬರುತ್ತಲ್ಲ, ನೀನು ಅತ್ಬಿಟ್ಟೆ ಅಂದ್ಯಲ್ಲ, ನಂಗೂ ಎದೆ ಹಿಂಡಿತು. ದುಃಖ ಹಾಗೇ ಇರುತ್ತೆ, ತಿಂಗಳುಗಳು ಹೋಗಿದ್ದೇ ಗೊತ್ತಾಗಲ್ಲ. ಆದ್ರೆ ಅವನ ದನಿ ಕೇಳ್ಸುತ್ತೆ ಅಂತ ಬಂಡೆ ಮೇಲಿಂದ ಸಮುದ್ರಕ್ಕೆ ಹಾರ್ತಾಳಲ್ಲ, ಅದನ್ನ ಪ್ರೀತಿಯ ಆಳ ಅಂತ ತಗೋಬೇಡ. ಅಲ್ಲಿಗೆ ಬರೋ ಹೊತ್ತಿಗೆ ಅವಳ ಬದುಕಲ್ಲಿ ಅವನನ್ನ ಬಿಟ್ರೆ ಬೇರೇನೂ ಉಳ್ದಿಲ್ಲ, ಓದಿನ ಕನಸಿಲ್ಲ, ಇಷ್ಟದ ಕೆಲಸ ಅಂತ ಒಂದಿಲ್ಲ, ಜೇಕಬ್ ಬಿಟ್ರೆ ಹತ್ತಿರದ ಗೆಳೆಯ ಗೆಳತಿ ಇಲ್ಲ.

ಇನ್ನೊಂದು ವಿಷ್ಯ ನಿಂಗೆ ಗೊತ್ತಿರ್ಲಿ. ಜೇಕಬ್‌ನ ಕ್ವಿಲ್ಯೂಟ್ ಜನ ಕಟ್ಟುಕತೆ ಅಲ್ಲ, ಅಮೆರಿಕದ ಮೂಲನಿವಾಸಿಗಳು, ವಾಷಿಂಗ್ಟನ್ ರಾಜ್ಯದ ಲಾ ಪುಶ್‌ನಲ್ಲಿ ಇವತ್ತಿಗೂ ಇದ್ದಾರೆ. ತಮ್ಮ ಪೂರ್ವಜರು ತೋಳಗಳಿಂದ ಮನುಷ್ಯರಾದ್ರು ಅನ್ನೋದು ಅವರ ಮೂಲಕಥೆ, ಅದನ್ನ ತಗೊಂಡು ಲೇಖಕಿ ತೋಳವಾಗೋ ಹುಡುಗರ ಕಥೆ ಹೆಣೆದಿದ್ದಾರೆ. ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಆ ಜನರ ಜೊತೆ ಸೇರಿ ನಿಜ ಯಾವ್ದು, ಟ್ವೈಲೈಟ್ ಯಾವ್ದು ಅಂತ ತಿಳಿಸೋ ಕೆಲಸಾನೇ ಮಾಡಿದೆ, ಅದನ್ನ ಹುಡುಕಿ ಓದು.

ನಾಳೆ ನಿನ್ನ ಬದುಕಲ್ಲಿ ಯಾರಾದ್ರೂ ಬರ್ತಾರೆ, ಬರ್ಲಿ, ನಂಗೆ ಸಂತೋಷಾನೇ. ಅವನು ಎಷ್ಟು ಚೆಂದ ಅಂತ ನಾನು ಕೇಳಲ್ಲ, ಅವನು ಬಂದ್ಮೇಲೆ ನೀನು ಓಡಾಡೋ ಜಾಗ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ ಕೇಳ್ತೀನಿ. ಫೋನ್ ಪಾಸ್‌ವರ್ಡ್ ಕೊಡು, ಲೊಕೇಶನ್ ಆನ್ ಇಡು, ಆ ಫ್ರೆಂಡ್ ಜೊತೆ ಮಾತಾಡ್ಬೇಡ, ಎಲ್ಲ ನಿನ್ನ ಒಳ್ಳೇದಕ್ಕೇ ಅಂತ ಯಾರಾದ್ರೂ ಮೆತ್ತಗೆ ಹೇಳೋಕೆ ಶುರು ಮಾಡಿದ್ರೆ ಎಷ್ಟ್ ಹೊತ್ತಾಗಿದ್ರೂ ನಂಗೆ ಫೋನ್ ಮಾಡು. ಬೈಯಲ್ಲ, ನಿಮ್ಮಮ್ಮಂಗೆ ಹೇಳೋದ್ ಬೇಡ ಅಂದ್ರೆ ನಿನ್ನನ್ನ ಕೇಳದೆ ಹೇಳೋದೂ ಇಲ್ಲ. ಮೊದಲು ನೀನು ಹೇಳೋದನ್ನ ಪೂರ್ತಿ ಕೇಳಿಸ್ಕೋತೀನಿ.

ಇಂತಿ ನಿನ್ನ
ದೊಡ್ಡಮ್ಮ